ಪ್ರೊಫೆಸರಮ್ಮನ ಆಕಳಿಕೆ

ಕನ್ನಡಿ ನೋಡಿಕೊಂಡು ಸೂಜಿ ಚುಚ್ಚಿಕೊಳ್ಳಬಾರದು, ಎಡ ಯಾವುದು ಬಲ ಯಾವುದು ಎಂದು ಕೈಗೆ ಗಲಿಬಿಲಿಯಾಗುತ್ತದೆ ಎಂದು ಭಾಮೈದ ತರಗತಿಯಲ್ಲಿ ಹೇಳಿದ್ದ. ಹೇಳಿದವನು ಭಾಮೈದ ಎಂಬ ಒಂದೇ ಕಾರಣಕ್ಕೆ ಭಾವನಾದ ಅವನು ಈಗ ಮೇವಿನ ಕೋಣೆಯ ಬಾಗಿಲು ಹಾಕಿಕೊಂಡು, ಒಣಹುಲ್ಲಿನ ಪಿಂಡಿಯ ಮೇಲೆ ಕೂತು, ಹೆಂಡತಿಯ ಪರ್ಸಿನಿಂದ ಎಗರಿಸಿ ತಂದ ಪುಟ್ಟ ಕನ್ನಡಿಯನ್ನು ಬಕೆಟ್ಟಿಗೆ ಒರಗಿಸಿಟ್ಟು, ಅದನ್ನೇ ದುರುಗುಟ್ಟಿ ನೋಡುತ್ತ ಕಿವಿಯ ತುದಿಗೆ ಸೂಜಿ ಇಳಿಸುತ್ತಿದ್ದ. ಗೋಡೆಯ ಆಚೆ ಶೆಡ್ಡಿನಲ್ಲಿ ಪರೀಕ್ಷೆ ನಡೆಯುತ್ತಿತ್ತು. ಪಶುವೈದ್ಯರಿಗೆ ಸೂಜಿಚಿಕಿತ್ಸೆ ಕಲಿಸುವ ಈ ತರಬೇತಿಯ ಕೊನೆಯ ಪರೀಕ್ಷೆ. ಪ್ರಾಣಿಗೆ ಚುಚ್ಚುವ ಸೂಜಿಯನ್ನು ಮೊದಲು ನಿನಗೆ ಚುಚ್ಚಿಕೊ ಎಂಬುದು ಇಲ್ಲಿಯ ನಿಯಮ. ಹೆಬ್ಬೆರಳ ಪಕ್ಕದ ಮಾಂಸದಲ್ಲಿ ಒಂದು ಚುಚ್ಚಿಕೊಂಡು, ಅಲ್ಲೊಂದು ಭಾರ ಇಳಿದು ಜುಂ ಎಂದ ಮೇಲೆ ಒಳಗೆ ಹೋದರೆ ಸಾಕು. ಎಲ್ಲರೂ ಹಾಗೆಯೇ ಹೋಗಿದ್ದರು. ಅವನಿಗೆ ಸಾಕೆನಿಸಲಿಲ್ಲ. ಪುಸ್ತಕದಲ್ಲಿ ಮನಸ್ಸನ್ನು ತಣಿಸುವ ಜಾಗಗಳೆಂದು ಎಲ್ಲೆಲ್ಲಿ ಚುಕ್ಕೆ ಇಟ್ಟಿದ್ದರೋ ಅಲ್ಲೆಲ್ಲ ಚುಚ್ಚಿಕೊಂಡ. ಮಣಿಕಟ್ಟು, ಕಿವಿ, ಮೊಣಕಾಲ ಕೆಳಗೆ, ಕೊನೆಗೆ ಎರಡು ಹುಬ್ಬುಗಳ ನಟ್ಟನಡುವೆ. ಕನ್ನಡಿಯಲ್ಲಿ ನೋಡಿದರೆ ಮುಳ್ಳುಹಂದಿಯೊಂದು ನಿವೃತ್ತಿಗೆ ಅರ್ಜಿ ಹಾಕಲು ಹೊರಟ ಹಾಗಿತ್ತು. ಇಷ್ಟು ಚುಚ್ಚಿಕೊಂಡರೂ ಸಿಟ್ಟು ಇಳಿಯಲಿಲ್ಲ. ಸಿಟ್ಟಿನ ಜತೆಗೆ ನಿದ್ದೆಯೂ ಬರತೊಡಗಿತು, ಅಷ್ಟೆ.

ಸಿಟ್ಟು ಯಾರ ಮೇಲೆ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಇಂತಹವರ ಮೇಲೆ ಎಂದಿದ್ದರೆ ಒಂದು ಸಲ ಜಗಳವಾಡಿ ಮುಗಿಸಬಹುದಿತ್ತು. ಬೆಳಿಗ್ಗೆ ಬೀದಿಗೆ ಇಳಿದಾಗ ಮೂಲೆಮನೆಯ ನಾಯಿ ಎಂದಿನಂತೆ ಎದ್ದು, ಬಾಲವನ್ನು ಹೊಟ್ಟೆಯೊಳಕ್ಕೆ ಸೇರಿಸಿಕೊಂಡು, ಆಚೆ ಬದಿಗೆ ದಾಟಿ ಹೋಗಿತ್ತು. ಆ ನಾಯಿಗೆ ಅವನು ಎಂದೂ ಚುಚ್ಚಿದವನಲ್ಲ. ಕಂಡವರು ಹೇಳಿಕೊಟ್ಟಿರಬೇಕು. ನಾಯಿಗಳು ಹೇಳಿಕೊಳ್ಳುತ್ತವೆ, ಬೆಕ್ಕುಗಳು ಹೇಳಿಕೊಳ್ಳುತ್ತವೆ, ಚಿಕಿತ್ಸಾಲಯದ ಗೇಟಿನ ಮೇಲೆ ಕೂರುವ ಕಾಗೆಯ ಮುಖಾಂತರ ಊರಿನ ಸಕಲ ಜೀವರಾಶಿಗೆ ಅವನ ಸುದ್ದಿ ಮುಟ್ಟಿದೆ ಎಂದು ಅವನಿಗೆ ಬಹಳ ದಿನಗಳಿಂದ ಗುಮಾನಿ. ಅವನ ಕೈಯಲ್ಲಿ ಗುಣವಾಗದ ಪ್ರಾಣಿ ಕಡಿಮೆ; ಆದರೆ ಗುಣವಾದದ್ದು ತಿರುಗಿ ನೋಡದೆ ಓಡುತ್ತಿತ್ತು. ಹಿಡಿ, ಒತ್ತು, ಚುಚ್ಚು, ಬಿಡು. ಬೇರೆ ಹೇಗೆ ಮಾಡುತ್ತಾರೆ? ಮುದ್ದಿಸುತ್ತ ಕೂತರೆ ಸರದಿಯಲ್ಲಿರುವ ಎಮ್ಮೆ ಅಲ್ಲೇ ಕರು ಹಾಕುತ್ತದೆ. ಹಾಗೆಂದು ದೊಡ್ಡ ಡಾಕ್ಟರಮ್ಮನ ಎದುರು ವಾದಿಸಿದ್ದ. ಚಿಕಿತ್ಸಾಲಯಕ್ಕೆಲ್ಲ ಒಡತಿಯಾದ ಆಕೆ ಕನ್ನಡಕ ತೆಗೆದು ಒರೆಸುತ್ತ, ‘ನೋಡಿ, ಜನ ಬಂದು ಬೇರೆ ಡಾಕ್ಟ್ರು ಇಲ್ವಾ ಅಂತ ಕೇಳ್ತಾರೆ. ಬಾಗಿಲಲ್ಲಿ ನಿಮ್ಮ ಹೆಸರು ಹೇಳಲ್ಲ, ಗುಮ್ಮ ಇದಾನಾ ಅಂತಾರೆ. ಮಕ್ಕಳಲ್ಲ, ದೊಡ್ಡೋರು!’ ಎಂದಿದ್ದಳು. ಗುಮ್ಮ ಎಂದು ತನಗೆ ಹೆಸರಿದೆ ಎಂಬುದು ಅವನಿಗೆ ಆವತ್ತೇ ಗೊತ್ತಾದದ್ದು. ಉಳಿದವರಿಗೆಲ್ಲ ಎಂದೋ ಗೊತ್ತಿತ್ತು. ‘ಒಂದು ಸೂಜಿಚಿಕಿತ್ಸೆ ತರಬೇತಿ ಇದೆ, ಕೈ ಸ್ವಲ್ಪ ಮೆತ್ತಗಾಗುತ್ತೆ, ಹೋಗ್ಬನ್ನಿ. ಪಾಸಾದ್ರೆ ಇಲ್ಲೇ ಇರಿ. ಇಲ್ದಿದ್ರೆ ಹಿಂದಿನ ಲ್ಯಾಬಿಗೆ ಹೋಗಿ, ಸೀಸೆಗಳನ್ನ ನೋಡ್ಕೊಳ್ಳಿ.’ ಸೀಸೆ ಎಂದರೆ ಸೆಗಣಿಯ ಸೀಸೆ, ರಕ್ತದ ಸೀಸೆ, ಗಂಜಲದ ಸೀಸೆ. ಇನ್ನು ಸಾಯುವವರೆಗೆ ಉಸಿರಾಡುವ ಒಂದು ಪ್ರಾಣಿಯನ್ನೂ ಮುಟ್ಟುವ ಹಾಗಿಲ್ಲ. ಸೀಸೆ ಹೆದರುವುದಿಲ್ಲವಲ್ಲ ಎಂದು ಆವತ್ತು ಮೇಜು ಗುದ್ದಿ ಎದ್ದು ಬಂದಿದ್ದ. ಮೆಟ್ಟಿಲಿಳಿಯುವಾಗ ಮಾತ್ರ, ಯಾರೂ ಇಲ್ಲದಿದ್ದರೂ ಕೆಮ್ಮಿದ್ದ.

ಕಲಿಸುವವನು ಹೆಂಡತಿಯ ತಮ್ಮ ಎಂಬುದು ಉರಿವ ಗಾಯಕ್ಕೆ ಉಪ್ಪು. ಮೆತ್ತಗೆ ಮಾತಾಡುವ, ಮೆತ್ತಗೆ ನಡೆಯುವ, ಹೂವಿನಂತಹ ಬೆರಳಿನ ಭಾಮೈದನಿಗೆ ಸೂಜಿಮಲ್ಲಿಗೆ ಎಂದು ಹೆಸರಿಟ್ಟವನು ಇವನೇ. ಊಟಕ್ಕೆ ಕೂತಾಗಲೆಲ್ಲ, ‘ಏನಯ್ಯಾ ಸೂಜಿಮಲ್ಲಿಗೆ, ನನ್ನ ಸ್ಕೂಟರು ಚಳೀಲಿ ಸ್ಟಾರ್ಟ್ ಆಗಲ್ಲ. ಅದರ ಹಿಂದಿನ ಚಕ್ರಕ್ಕೊಂದು ಚುಚ್ಚಿ ಕೊಡ್ತೀಯಾ?’ ಎಂದು ಕೇಳಿ ತಾನೊಬ್ಬನೇ ನಗುತ್ತಿದ್ದ. ಭಾಮೈದ ತಟ್ಟೆ ನೋಡುತ್ತಿದ್ದ. ಈಗ ಅದೇ ಭಾಮೈದ ಕಪ್ಪು ಹಲಗೆಯ ಮುಂದೆ ನಿಂತು ಕತ್ತೆಯ ಚಿತ್ರ ಬರೆದು, ಅದರ ಬೆನ್ನುದ್ದಕ್ಕೂ ಚುಕ್ಕೆ ಇಟ್ಟು, ‘ಪ್ರಾಣಿ ನಮ್ಮ ಕೈಯನ್ನಲ್ಲ, ಕೈಯ ಹಿಂದಿರೋ ಮನಸ್ಸನ್ನ ಓದುತ್ತೆ’ ಎನ್ನುವಾಗ, ಅವನು ಹಿಂದಿನ ಬೆಂಚಿನಲ್ಲಿ ಮೊಣಕಾಲು ಮಡಿಸಿಕೊಂಡು ಕೂತು ಬರೆದುಕೊಳ್ಳಬೇಕಾಗಿತ್ತು. ಬರೆದುಕೊಳ್ಳುತ್ತಿದ್ದ. ಪೆನ್ನಿನ ಮುಳ್ಳು ಮುರಿಯುವಷ್ಟು ಒತ್ತಿ.

ಅದಕ್ಕಿಂತ ಮಿಗಿಲಾದದ್ದು ಪ್ರೊಫೆಸರಮ್ಮ. ಅದು ತರಬೇತಿಯ ಮುದಿ ಕತ್ತೆ. ಎಷ್ಟೋ ತಂಡಗಳಿಂದ ಚುಚ್ಚಿಸಿಕೊಂಡು ಚುಚ್ಚಿಸಿಕೊಂಡು ಪಾಠವೆಲ್ಲ ಬಾಯಿಪಾಠವಾಗಿ, ಈಗ ಹತ್ತಿಯ ಉಂಡೆ ಕಂಡರೆ ಸಾಕು, ತುಟಿ ಜೋತುಹಾಕಿ, ಕಿವಿಗಳನ್ನು ಇಬ್ಬದಿಗೆ ಚೆಲ್ಲಿ, ಹಳದಿ ಹಲ್ಲೆಲ್ಲ ತೋರಿಸಿ ಒಂದು ಆಕಳಿಕೆ ಆಕಳಿಸಿಬಿಡುತ್ತಿತ್ತು. ಸೂಜಿ ಸರಿಯಾದ ಜಾಗಕ್ಕೆ ಬಿತ್ತು, ಪ್ರಾಣಿಯ ಮೈ ಸಡಿಲವಾಯಿತು ಎಂಬುದಕ್ಕೆ ಆಕಳಿಕೆಯೇ ಗುರುತು. ಪ್ರೊಫೆಸರಮ್ಮ ಯಾರನ್ನೂ ನಪಾಸು ಮಾಡುವುದಿಲ್ಲ ಎಂದು ಹಳೆಯ ತಂಡದವರು ಹೇಳಿ ಹೋಗಿದ್ದರು. ಸೂಜಿಯನ್ನು ತಲೆಕೆಳಗಾಗಿ ಹಿಡಿದವರಿಗೂ ಅದು ಆಕಳಿಸಿತ್ತು. ಒಂದು ಸಲ ಶೆಡ್ಡಿನ ಬಲ್ಬು ಬದಲಾಯಿಸಲು ಬಂದವನಿಗೂ ಆಕಳಿಸಿತ್ತಂತೆ. ಗುಮ್ಮನಿಗೆ ಮಾತ್ರ ಇಲ್ಲ. ತರಬೇತಿಯುದ್ದಕ್ಕೂ ಅವನ ಕೈ ಸೋಕಿದರೆ ಸಾಕು, ಆ ಮುದುಕಿಯ ಚರ್ಮ ಕೆರೆಯ ನೀರಿನ ಹಾಗೆ ಅದುರುತ್ತಿತ್ತು. ಕಿವಿಗಳು ಹಿಂದಕ್ಕೆ ಮಲಗುತ್ತಿದ್ದವು. ಅವನು ತಾನು ನೋಡದವನ ಹಾಗೆ ಹತ್ತಿ ಒದ್ದೆ ಮಾಡುತ್ತ ನಿಲ್ಲುತ್ತಿದ್ದ. ಆ ಅದುರುವಿಕೆಯನ್ನು ಎಲ್ಲೋ ನೋಡಿದ್ದೇನಲ್ಲ ಎನಿಸಿ, ನೆನಪಾಗದೆ, ಒಂದು ಸಂಜೆ ಮನೆಗೆ ಹೋಗಿ ಬಾಗಿಲು ತಳ್ಳಿದಾಗ ನೆನಪಾಯಿತು. ಒಳಗೆ ಹೆಂಡತಿ, ಮಗಳು ಯಾವುದಕ್ಕೋ ಬಿದ್ದು ಬಿದ್ದು ನಗುತ್ತಿದ್ದವರು ಥಟ್ಟನೆ ನಿಂತರು. ಮಗಳು ಪುಸ್ತಕ ಎತ್ತಿಕೊಂಡಳು. ಹೆಂಡತಿ ಇಲ್ಲದ ಕೆಲಸ ಹುಡುಕಿಕೊಂಡು ಅಡುಗೆಮನೆಗೆ ಹೋದಳು. ಇಷ್ಟು ವರ್ಷ ಅವನು ಅದನ್ನು ಮರ್ಯಾದೆ ಎಂದುಕೊಂಡಿದ್ದ. ಗಂಡಸು ಮನೆಗೆ ಬಂದ ಸದ್ದು ಎಂದರೆ ಇದೇ ಎಂದು ಒಳಗೊಳಗೇ ಹಿಗ್ಗಿದ್ದ ಕೂಡ. ‘ಏನಕ್ಕೆ ನಗ್ತಿದ್ರಿ?’ ಎಂದು ಆವತ್ತು ಕೇಳಿದ. ಆದಷ್ಟು ಮೆತ್ತಗೇ ಕೇಳಿದೆ ಎಂದುಕೊಂಡ. ‘ಏನಿಲ್ಲಪ್ಪ’ ಎಂದಳು ಮಗಳು, ಪುಸ್ತಕವನ್ನು ತಲೆಕೆಳಗಾಗಿ ಹಿಡಿದುಕೊಂಡು.

ಮೇವಿನ ಕೋಣೆಯಲ್ಲಿ ಫೋನು ಹೊಡೆದುಕೊಂಡಿತು. ಹೆಂಡತಿ. ‘ಆಯ್ತಾ? ಕತ್ತೆ ಆಕಳಿಸ್ತಾ?’

‘ಇನ್ನೂ ಒಳಗೇ ಹೋಗಿಲ್ಲ ಕಣೇ. ಫೋನ್ ಯಾಕೆ ಮಾಡ್ದೆ?’

‘ಮಾಡಬಾರದಿತ್ತಾ? ಸರಿ ಇಡ್ತೀನಿ. ನನ್ನ ಕನ್ನಡಿ ಕಾಣಿಸ್ತಿಲ್ಲ, ಅದಕ್ಕೆ...’

‘ಕನ್ನಡಿ ಕಟ್ಕೊಂಡು ನಾನೇನ್ ಮಾಡ್ಲಿ!’ ಎಂದು ಕನ್ನಡಿಯನ್ನು ನೋಡುತ್ತಲೇ ಗದರಿದ. ಅಷ್ಟರಲ್ಲಿ ಆಚೆಯಿಂದ ಅವನ ಸರದಿಯ ಕೂಗು ಬಂತು. ಗಡಿಬಿಡಿಯಲ್ಲಿ ಎದ್ದು, ಕನ್ನಡಿಯನ್ನು ಮುಖ ಅಡಿಯಾಗಿ ಜೇಬಿಗೆ ತುರುಕಿ, ಮಣಿಕಟ್ಟಿನವನ್ನು ಕಿತ್ತ, ಕಿವಿಯವನ್ನು ಕಿತ್ತ, ಪ್ಯಾಂಟು ಮೇಲೆತ್ತಿ ಕಾಲಿನವನ್ನು ಕಿತ್ತು ಡಬ್ಬಿಗೆ ಹಾಕಿದ. ಹುಬ್ಬುಗಳ ನಡುವಿನದನ್ನು ಮರೆತ. ಕೂದಲಿಗಿಂತ ತೆಳುವಾದ ಸೂಜಿ, ಹಿಡಿಕೆ ಮಾತ್ರ ತಾಮ್ರದ್ದು, ಮಿರಮಿರ ಮಿಂಚುವಂತಹದು. ಒಳಗಿದೆಯೆಂದು ಮೈಗೆ ಗೊತ್ತೇ ಆಗಬಾರದು, ಅದೇ ಒಳ್ಳೆಯ ಕೈಯ ಗುರುತು ಎಂದು ಭಾಮೈದ ಹೇಳುತ್ತಿದ್ದ. ಆ ಲೆಕ್ಕದಲ್ಲಿ ಅವನು ಬದುಕಿನಲ್ಲಿ ಹಾಕಿದ ಅತ್ಯುತ್ತಮ ಸೂಜಿ ಅದು. ಅದನ್ನು ಹಣೆಯಲ್ಲಿ ನೆಟ್ಟಗೆ ನಿಲ್ಲಿಸಿಕೊಂಡು, ಒಂಟಿಕೊಂಬಿನ ಮೃಗದ ಹಾಗೆ ಅವನು ಪರೀಕ್ಷೆಗೆ ಹೊರಟ.

ಓಣಿಯಲ್ಲಿ ಗುಬ್ಬಿ ಡಾಕ್ಟರು ಎದುರಾದಳು. ಹಕ್ಕಿಗಳಿಗೆ ಮದ್ದು ಕೊಡುವವಳು, ತಾನೂ ಹಕ್ಕಿಯ ಹಾಗೇ ಇದ್ದಳು. ತರಗತಿಯಲ್ಲಿ ಅವನ ಪಕ್ಕದ ಬೆಂಚಿನ ತುದಿಯಲ್ಲಿ, ಹಾರಿಹೋಗಲು ಅನುಕೂಲವಾಗುವಂತೆ ಕೂರುತ್ತಿದ್ದವಳು. ಅವನ ಹಣೆ ನೋಡಿ ನಿಂತಳು. ‘ಸರ್...’

‘ಏನು?’

ಏನು ಎಂದಷ್ಟೇ ಕೇಳಿದ್ದು. ಅವಳು ಗೋಡೆಗೆ ಅಂಟಿಕೊಂಡಳು. ‘ಏನಿಲ್ಲ ಸರ್. ಒಳ್ಳೇದಾಗ್ಲಿ ಸರ್. ಪ್ರೊಫೆಸರಮ್ಮ ಆಕಳಿಸದೇ ಇದ್ರೆ ನೀವೇ ಅವಳ ಮುಂದೆ ಒಂದು ಆಕಳಿಸಿಬಿಡಿ. ಅದು ಅಂಟುಜಾಡ್ಯ ಇದ್ದ ಹಾಗೆ, ಬರುತ್ತೆ’ ಎಂದು ಬೇರೇನನ್ನೋ ಹೇಳಹೊರಟದ್ದನ್ನು ನುಂಗಿ ಇದನ್ನು ಹೇಳಿದಳು. ನನ್ನನ್ನು ನೋಡಿ ಮರುಕಪಡುತ್ತಾಳೆ ಎಂದುಕೊಂಡ. ಒಳಗೆ ಹೋದರೆ ಶೆಡ್ಡಿನಲ್ಲಿ ಬೆಂಚಿನ ಮೇಲೆ ಕೂತ ತರಬೇತಿಯವರೆಲ್ಲರ ಕಣ್ಣೂ ಅವನ ಹಣೆಗೆ ಬಂದು ನಿಂತು, ಮರುಕ್ಷಣ ಚದುರಿ ಸೂರು, ನೆಲ, ಉಗುರು ನೋಡತೊಡಗಿದವು. ನೋಡಲಿ. ಹಣೆಯ ಮೇಲೆ ಗುಮ್ಮ ಎಂದು ಬರೆದಿದ್ದರೆ ಓದಿಕೊಳ್ಳಲಿ. ಹೊರಗಿನಿಂದ ಬಂದ ಪರೀಕ್ಷಕಿ ದಪ್ಪ ಹೆಂಗಸು, ಕುರ್ಚಿ ತುಂಬ ಕೂತಿದ್ದಳು. ಅವನನ್ನು ಬಹಳ ಹೊತ್ತು ನೋಡಿದಳು. ಇದು ಇವರ ಮನೆತನದ ಪದ್ಧತಿಯೋ ಏನೋ, ಕೇಳಿದರೆ ತಪ್ಪಾದೀತು ಎಂಬಂತೆ ಗೌರವದಿಂದ ತಲೆ ಆಡಿಸಿದಳು. ಭಾಮೈದನ ಮುಖ ಮಾತ್ರ ಸುಣ್ಣವಾಯಿತು.

‘ಭಾವ...’ ಎಂದ ಹತ್ತಿರ ಬಂದು, ಪಿಸುಮಾತಿನಲ್ಲಿ. ‘ಭಾವ, ಒಂದು ನಿಮಿಷ. ನಿಮ್ಮ...’

‘ಇಲ್ಲಿ ಭಾವ ಗೀವ ಯಾರೂ ಇಲ್ಲ. ನನಗೆ ಯಾವನ ವಶೀಲಿಯೂ ಬೇಡ’ ಎಂದ ಅವನು, ಶೆಡ್ಡಿಗೆಲ್ಲ ಕೇಳುವಂತೆ. ‘ದೂರ ನಿಂತ್ಕೊ.’

ಭಾಮೈದ ದೂರ ನಿಂತುಕೊಂಡ.

ಪ್ರೊಫೆಸರಮ್ಮ ಕಟ್ಟಿಹಾಕದೆ ನಿಂತಿತ್ತು. ಪರೀಕ್ಷೆಗೆ ಹಗ್ಗ ಬಳಸಬಾರದು. ಅವನು ಎದುರು ಹೋಗಿ ನಿಂತ ಕೂಡಲೆ ಆ ಮುದಿಕತ್ತೆ ತಲೆಯೆತ್ತಿ, ಎರಡು ಕಿವಿಗಳನ್ನೂ ಕಂಬದ ಹಾಗೆ ನಿಲ್ಲಿಸಿ, ಅವನ ಮುಖವನ್ನೇ ನೋಡತೊಡಗಿತು. ಅಂತಹ ನೋಟವನ್ನು ಅವನು ಹಿಂದೆಂದೂ ಕಂಡಿರಲಿಲ್ಲ. ಎವೆ ಇಕ್ಕುತ್ತಿರಲಿಲ್ಲ. ಎರಡೂ ಕಣ್ಣು ಒಂದೇ ಕಡೆ ನೆಟ್ಟು ಸ್ವಲ್ಪ ಮೆಳ್ಳಗಾಗಿದ್ದವು. ಅವನು ಎಡಕ್ಕೆ ಸರಿದರೆ ಮೂತಿ ಎಡಕ್ಕೆ, ಬಲಕ್ಕೆ ಸರಿದರೆ ಬಲಕ್ಕೆ. ಇದು ದ್ವೇಷ ಎಂದುಕೊಂಡ. ಹೆದರಿಕೆ ಹೋಗಿ ಈಗ ದ್ವೇಷಕ್ಕೆ ಬಂತು. ಇದುವರೆಗೆ ಚುಚ್ಚಿಸಿಕೊಂಡು ಓಡಿಹೋದ ನಾಯಿ ಬೆಕ್ಕು ಎಮ್ಮೆ ಮೇಕೆ ಗಿಳಿಗಳೆಲ್ಲ ಸೇರಿ ಸಭೆ ನಡೆಸಿ, ಈ ಮುದುಕಿಯನ್ನು ತಮ್ಮ ವಕೀಲೆ ಮಾಡಿ ಕಳಿಸಿವೆ. ಆದರೂ ಸೂಜಿ ಹಾಕಿದ. ಬೆನ್ನಿನ ಗುಂಟ, ಸೊಂಟದ ಗುಳಿಯಲ್ಲಿ, ಭುಜದ ಕೆಳಗೆ, ಭಾಮೈದನ ಚಿತ್ರದಲ್ಲಿದ್ದ ಹಾಗೆಯೇ. ಆಶ್ಚರ್ಯವೆಂದರೆ ಈ ಸಲ ಚರ್ಮ ಅದುರಲಿಲ್ಲ. ಆದರೆ ಅವನು ಅದನ್ನು ಗಮನಿಸಲಿಲ್ಲ. ಅವನಿಗೆ ಬೇಕಾಗಿದ್ದದ್ದು ಆಕಳಿಕೆ. ತಿರುಗಿ ಮುಖದ ಹತ್ತಿರ ಬಂದು ಕಾದ. ಕತ್ತೆ ನೋಡಿತು. ಅವನು ಕಾದ. ಕತ್ತೆ ಇನ್ನೂ ಹತ್ತಿರದಿಂದ ನೋಡಿತು.

ಪರೀಕ್ಷಕಿ ಗಡಿಯಾರ ನೋಡಿಕೊಂಡಳು. ಅವನ ಕಣ್ಣಮುಂದೆ ಸೀಸೆಗಳು ಸಾಲಾಗಿ ಬಂದು ನಿಂತವು, ಒಂದೊಂದಕ್ಕೂ ಚೀಟಿ ಅಂಟಿಸಿಕೊಂಡು. ಆಗ ಅವನು ಮಾಡಬಾರದೆಂದುಕೊಂಡಿದ್ದನ್ನು ಮಾಡಿದ. ಪರೀಕ್ಷಕಿಗೆ ಬೆನ್ನು ತಿರುಗಿಸಿ, ಕತ್ತೆಯ ಮೂತಿಗೆ ಮೂತಿ ಕೊಟ್ಟು, ಬಾಯಿ ತೆರೆದು ಆಕಳಿಸಿದ. ಮೊದಲಿನದು ಸುಳ್ಳು ಆಕಳಿಕೆ. ಆದರೆ ಮೈಯಲ್ಲಿ ಅಷ್ಟು ತಣಿಸುವ ಸೂಜಿ ಆಡಿ ಹೋಗಿದ್ದಕ್ಕೋ, ಹಣೆಯಲ್ಲಿ ಒಂದು ಇನ್ನೂ ತನ್ನ ಕೆಲಸ ಮಾಡುತ್ತಿದ್ದದ್ದಕ್ಕೋ, ಎರಡನೆಯದು ತಾನಾಗಿಯೇ ಬಂತು. ದವಡೆಯ ಕೀಲು ಕಟಕ್ಕೆಂದು, ಕಣ್ಣಲ್ಲಿ ನೀರು ಬಂದು, ಆಆಆಹ್ ಎಂದು ಶೆಡ್ಡಿನ ತಗಡು ಮಾರುತ್ತರ ಕೊಡುವಂತೆ ಬಂತು. ಬೆಂಚಿನ ತುದಿಯಲ್ಲಿ ಗುಬ್ಬಿ ಡಾಕ್ಟರು ಅಂಗೈಯಲ್ಲಿ ಬಾಯಿ ಮುಚ್ಚಿಕೊಂಡಳು. ಅವಳ ಪಕ್ಕದವನು ಆಕಳಿಸಿದ. ಅವನ ಪಕ್ಕದವನು, ಅವನ ಹಿಂದಿನವನು. ಬೆಂಚಿಗೆ ಬೆಂಚೇ ಒಣಗದ್ದೆಗೆ ಬೆಂಕಿ ಬಿದ್ದ ಹಾಗೆ ಆಕಳಿಸಿತು. ಭಾಮೈದ ಮೆತ್ತಗೆ, ಹೂವು ಅರಳಿದ ಹಾಗೆ ಆಕಳಿಸಿದ. ಪರೀಕ್ಷಕಿ ತುಟಿ ಬಿಗಿಹಿಡಿದು, ಮೂಗಿನ ಹೊಳ್ಳೆ ಅಗಲಿಸಿ, ಕುತ್ತಿಗೆಯ ನರ ಉಬ್ಬಿಸಿಕೊಂಡು ಹೋರಾಡಿದಳು. ಕೊನೆಗೆ ಸೋತು, ಕುರ್ಚಿ ಕಿರುಗುಡುವಂತೆ, ದವಡೆ ಹಲ್ಲಿನ ಚಿನ್ನ ಕಾಣುವಂತೆ ಆಕಳಿಸಿದಳು. ಆ ಇಡೀ ಶೆಡ್ಡಿನಲ್ಲಿ ಆಕಳಿಸದೆ, ಎಚ್ಚರವಾಗಿ, ಕಿವಿ ನೆಟ್ಟಗೆ ಮಾಡಿಕೊಂಡು ನಿಂತ ಜೀವ ಅಂದರೆ ಪ್ರೊಫೆಸರಮ್ಮ ಒಂದೇ.

ಸರಿ, ಹೋಗಲಿ ಎಂದುಕೊಂಡ. ಸೀಸೆ ಅಂದರೆ ಸೀಸೆ. ಒಂದು ಗಳಿಗೆ ನಿಲ್ಲಲು ಆಸರೆ ಬೇಕೆನಿಸಿ, ಸೂಜಿಯಿಲ್ಲದ ಜಾಗ ನೋಡಿ ಕತ್ತೆಯ ಕುತ್ತಿಗೆಗೆ ಒರಗಿದ. ಬೆಚ್ಚಗಿತ್ತು. ಹುಲ್ಲಿನ, ಧೂಳಿನ, ಹಳೇ ಕಂಬಳಿಯ ವಾಸನೆ. ಪ್ರಾಣಿಯ ಮೈಗೆ ಕೆನ್ನೆ ಕೊಟ್ಟು ಎಷ್ಟು ಕಾಲವಾಯಿತು? ಹಿಡಿದದ್ದುಂಟು, ಒತ್ತಿದ್ದುಂಟು. ಮಗಳು ಚಿಕ್ಕವಳಿದ್ದಾಗ ಜ್ವರ ಬಂದು ಅವನ ಹೆಗಲ ಮೇಲೆ ಮಲಗುತ್ತಿದ್ದಳು, ಅವಳ ಕಿವಿಯ ಹತ್ತಿರವೂ ಇಂತಹದೇ ಒಂದು ಬಿಸಿಯಿತ್ತು, ಅವಳನ್ನು ಕೆಳಗಿಳಿಸಿದ್ದು ಯಾವತ್ತು, ನೆನಪಿಲ್ಲ, ಅವಳೇ ಇಳಿದು ಹೋದಳೋ... ನಿಂತಲ್ಲೇ ನಿದ್ದೆ ಹತ್ತಿತು. ತುಟಿ ಜೋತುಬಿತ್ತು. ಪುಸ್ತಕದಲ್ಲಿ ಬರೆದ ಗುರುತುಗಳೆಲ್ಲ ಒಂದೊಂದಾಗಿ ಅವನಲ್ಲಿ ಕಾಣಿಸಿಕೊಂಡವು.

ಎಚ್ಚರವಾದದ್ದು ಪಿಸುಮಾತಿಗೆ. ಕಣ್ಣು ತೆರೆಯಲಿಲ್ಲ.

‘ಈಗ್ಲೇ ತೆಗೀರಿ, ಮಲಗಿರೋವಾಗ್ಲೇ’ ಎನ್ನುತ್ತಿದ್ದಳು ಪರೀಕ್ಷಕಿ. ‘ಹಣೇಲಿ ಸೂಜಿ ನೆಟ್ಕೊಂಡು ಮನೆಗೆ ಹೋಗ್ತಾರೇನ್ರೀ?’

‘ನಾನಾ? ಎದ್ಬಿಟ್ರೆ?’ ಇದು ಭಾಮೈದ. ‘ನಾನು ಅಕ್ಕನ ಮನೆಗೆ ಊಟಕ್ಕೆ ಹೋಗ್ಬೇಕು ಮೇಡಂ. ಆಗಲ್ಲ.’

‘ನಂಗೆ ಓಣೀಲೇ ಕಾಣಿಸ್ತು’ ಎಂದಳು ಗುಬ್ಬಿ ಡಾಕ್ಟರು. ‘ಹೇಳೋಣ ಅಂತ ಬಾಯಿ ತೆಗ್ದೆ. ಏನು ಅಂದ್ರು. ಅಷ್ಟೇ, ಮರ್ತೋಯ್ತು.’

‘ಎಲ್ರಿಗೂ ಕಾಣಿಸ್ತಲ್ರೀ! ಇಷ್ಟು ಜನದಲ್ಲಿ ಒಬ್ರೂ ಹೇಳ್ಲಿಲ್ವಾ?’

‘ನೀವು ಹೇಳಿದ್ರಾ ಮೇಡಂ?’

ಪರೀಕ್ಷಕಿಯ ಕುರ್ಚಿ ಕಿರುಗುಟ್ಟಿತು. ‘ಕತ್ತೆ ಒಂದೇ ನೆಟ್ಟಗೆ ನೋಡ್ತಿತ್ತು, ಪಾಪ’ ಎಂದರು ಯಾರೋ. ‘ಮೂತಿ ಮುಂದೆ ಮಿಣಮಿಣ ಅಂತಿದ್ರೆ ಅದಾದ್ರೂ ಹೇಗೆ ಆಕಳಿಸುತ್ತೆ?’

ಹಣೆಯ ಸೂಜಿ ಆಗ ಅವನಿಗೆ ಗೊತ್ತಾಯಿತು. ಚರ್ಮಕ್ಕಲ್ಲ, ಇನ್ನೂ ಒಳಗೆಲ್ಲೋ. ಕಣ್ಣು ತೆರೆದು ಸೂಜಿ ಕಿತ್ತೆಸೆದು, ನೀವೆಲ್ಲ ಮನುಷ್ಯರೇನ್ರೀ ಎಂದು ಶೆಡ್ಡು ನಡುಗಿಸಬಹುದಾಗಿತ್ತು. ನಾಲಿಗೆಯ ತುದಿಗೆ ಬಂದೂ ಬಂತು. ಆದರೆ ಕಣ್ಣು ತೆರೆದ ಕೂಡಲೆ ಈ ಮಾತುಗಳು ನಿಂತುಹೋಗುತ್ತವೆ, ಎಲ್ಲರೂ ಸೂರು ನೋಡುತ್ತಾರೆ. ತನ್ನೆದುರು ಜನ ಹೀಗೆ ಬಿಡುಬೀಸಾಗಿ ಮಾತಾಡುವುದನ್ನು ಕೇಳಿ ಯಾವ ಕಾಲವಾಯಿತೋ. ಅವನಿಗೆ ಇನ್ನೊಂದಿಷ್ಟು ಕೇಳಬೇಕೆನಿಸಿತು. ಗೊರಕೆ ಹೊಡೆದರೆ ಧೈರ್ಯ ಬಂದೀತೆಂದು, ಒಂದು ಸಣ್ಣ ಗೊರಕೆಯನ್ನೂ ಹೊಡೆದ.

ಹೆಜ್ಜೆ ಹತ್ತಿರ ಬಂತು. ಹಗುರ ಹೆಜ್ಜೆ, ಗುಬ್ಬಿ ಡಾಕ್ಟರದೇ. ಅವಳ ಕೈ ಹಣೆಯ ಹತ್ತಿರ ಬಂದದ್ದು ಗಾಳಿಯಲ್ಲೇ ತಿಳಿಯಿತು. ಅಲ್ಲಾಡದೆ ನಿಲ್ಲಬೇಕು, ಅಲ್ಲಾಡಿದರೆ ಹುಡುಗಿ ಬೆದರುತ್ತಾಳೆ ಎಂದು ಉಸಿರು ಬಿಗಿಹಿಡಿದ. ಮೇಜಿನ ಮೇಲೆ ತಾನು ಅದುಮಿ ಹಿಡಿದ ಪ್ರತಿಯೊಂದು ಪ್ರಾಣಿಯೂ ಉಸಿರು ಬಿಗಿಹಿಡಿಯುತ್ತಿತ್ತು ಎಂಬುದು ಅವನಿಗೆ ಇದ್ದಕ್ಕಿದ್ದಂತೆ ಗೊತ್ತಾಗಿ, ಕಣ್ಣರೆಪ್ಪೆಯೊಳಗೆ ಚುರ್ರೆಂದಿತು. ‘ಏನೂ ಆಗಲ್ಲ, ಏನೂ ಆಗಲ್ಲ’ ಎಂದಳು ಅವಳು, ಅಭ್ಯಾಸಬಲದಿಂದ, ರೆಕ್ಕೆ ಮುರಿದ ಹಕ್ಕಿಗೆ ಹೇಳುವ ದನಿಯಲ್ಲಿ. ‘ಜಾಣ ಅಲ್ವಾ... ನನ್ನ ಬಂಗಾರ ಅಲ್ವಾ... ಆಯ್ತು, ಆಯ್ತಾಯ್ತು.’ ಆಮೇಲೆ ಯಾರಿಗೆ ಏನು ಹೇಳಿದೆ ಎಂದು ಹೊಳೆದು ನಾಲಿಗೆ ಕಚ್ಚಿಕೊಂಡಳು. ಸೂಜಿ ಬಂದಿತ್ತು. ಯಾವಾಗ ಬಂತೋ ತಿಳಿಯಲೇ ಇಲ್ಲ.

ಹಣೆ ಖಾಲಿಯಾಯಿತು. ಪ್ರೊಫೆಸರಮ್ಮ ಆ ಖಾಲಿ ಹಣೆಯನ್ನು ಒಂದು ಸಲ ಮೂಸಿತು. ನೋಡುವಂತಹದು ಇನ್ನೇನೂ ಇಲ್ಲವೆಂದು ಖಾತ್ರಿ ಮಾಡಿಕೊಂಡ ಹಾಗೆ ನಿಡಿದಾಗಿ ಉಸಿರುಬಿಟ್ಟಿತು. ಆ ಉಸಿರಿನ ಜತೆಗೇ ಅದರ ಕಿವಿಗಳು ಇಬ್ಬದಿಗೆ ಬಿದ್ದವು, ತುಟಿ ಜೋತಿತು, ತಲೆ ಅವನ ಹೆಗಲ ಮೇಲೆ ಬಂದು ಕೂತಿತು. ಆಕಳಿಸಲಿಲ್ಲ. ಆಕಳಿಸುವ ಶಾಸ್ತ್ರವನ್ನೆಲ್ಲ ಬಿಟ್ಟು ನೇರವಾಗಿ ನಿದ್ದೆಗೇ ಇಳಿಯಿತು. ಅದರ ಭಾರ ಮೊದಲು ಹೆಗಲಿಗೆ, ಆಮೇಲೆ ಎದೆಗೆ, ಆಮೇಲೆ ಇಡೀ ಮೈಗೆ ಬಂತು. ಹಾಗೆ ವಾಲುವಾಗ ಮುಂಗಾಲನ್ನು ಸರಿಪಡಿಸಿಕೊಂಡು, ಗೊರಸನ್ನು ತಂದು ಅವನ ಬೂಟಿನ ಮೇಲೆ, ಸರಿಯಾಗಿ ಹೆಬ್ಬೆರಳಿನ ಮೇಲೆ ಊರಿತು. ಅವನು ಕಣ್ಣು ತೆರೆದ. ತೆರೆದದ್ದಲ್ಲ, ತಾವಾಗಿ ತೆರೆದುಕೊಂಡವು.

‘ಭಾವ, ಕಾಲು!’ ಎಂದು ಭಾಮೈದ ಮುಂದೆ ನುಗ್ಗಿದ. ಪರೀಕ್ಷಕಿ ಎದ್ದು ನಿಂತು, ‘ಸರಿಸ್ರೀ ಅದನ್ನ, ಹೊತ್ತಾಯ್ತು, ಫಲಿತಾಂಶ ಬರೀಬೇಕು. ಆಕಳಿಸ್ತೋ ಇಲ್ವೋ?’ ಎಂದಳು. ಯಾರೋ ಕತ್ತೆಯ ತೊಡೆ ತಟ್ಟಲು ಕೈ ಎತ್ತಿದರು. ಅವನ ಹೆಬ್ಬೆರಳಿನಿಂದ ಒಂದು ಕೂಗು ಹೊರಟು, ಮೊಣಕಾಲು ದಾಟಿ, ಹೊಟ್ಟೆ ದಾಟಿ, ಗಂಟಲಿಗೆ ಬಂದು ನಿಂತಿತ್ತು. ಹೊರಗೆ ಬಿಟ್ಟಿದ್ದರೆ ಪಕ್ಕದ ಬೀದಿಯ ನಾಯಿಗಳೂ ಎದ್ದು ಓಡುತ್ತಿದ್ದವು. ಅವನು ಅದನ್ನು ನುಂಗಿದ. ನುಂಗಿ, ತನಗೇ ಗುರುತು ಸಿಗದಷ್ಟು ಸಣ್ಣ ದನಿಯಲ್ಲಿ, ‘ಶ್...’ ಎಂದ. ‘ಎಬ್ಬಿಸ್ಬೇಡ್ರೀ. ಪಾಸೋ ನಪಾಸೋ ಅವಳು ಎದ್ದ ಮೇಲೆ ಬರ್ಕೊಳ್ಳಿ.’

‘ಕಾಲು ಅಪ್ಪಚ್ಚಿ ಆಗುತ್ತೆ ಭಾವ!’

‘ಆಗ್ಲಿ ಬಿಡೋ. ಇನ್ನೊಂದಿದೆ.’

ಭಾಮೈದನಿಗೆ ನಗು ಬಂತು. ನಗಬಹುದೋ ಇಲ್ಲವೋ ಎಂದು ಭಾವನ ಮುಖ ನೋಡಿದ. ಆ ಮುಖ ನೋವಿಗೆ ಕಿವುಚಿಕೊಂಡು, ಕಣ್ಣು ಮೂಗು ಎಲ್ಲ ಒಂದೇ ಕಡೆ ಸೇರಿ, ಹೆದರಲು ಯೋಗ್ಯವಾದದ್ದು ಅದರಲ್ಲಿ ಏನೂ ಉಳಿದಿರಲಿಲ್ಲ. ಮೊದಲು ಗುಬ್ಬಿ ಡಾಕ್ಟರು ಕಿಸಕ್ಕೆಂದಳು, ಆಮೇಲೆ ಭಾಮೈದ, ಆಮೇಲೆ ಬೆಂಚಿಗೆ ಬೆಂಚೇ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, ಭುಜ ಕುಣಿಸುತ್ತ, ಕತ್ತೆ ಎದ್ದೀತೆಂದು ಸದ್ದಿಲ್ಲದೆ ನಕ್ಕರು. ಪರೀಕ್ಷಕಿ ಕುರ್ಚಿಯನ್ನು ಕಿರುಗುಡದ ಹಾಗೆ ಎತ್ತಿ ಹಿಂದಿಟ್ಟು, ನೆಲದಲ್ಲೇ ಕುಕ್ಕರಿಸಿ ಕೂತು, ಕಾಯತೊಡಗಿದಳು. ಅವನು ಒಂಟಿಕಾಲಿನ ಮೇಲೆ, ಇಡೀ ಒಂದು ಕತ್ತೆಯ ನಿದ್ದೆಯನ್ನು ಹೆಗಲಿಗೆ ಹಾಕಿಕೊಂಡು ನಿಂತ. ಅವನ ಹೆಗಲು ಒದ್ದೆಯಾಗುತ್ತಿತ್ತು. ಅದು ಪ್ರೊಫೆಸರಮ್ಮನ ಜೊಲ್ಲು.